ಗುಂಡಿ ಎಂಬ ಕೊನೆಯ ಮಾತು

ನವಸಾಗರದ ಹೊಗೆ ಮೂಗಿಗೆ ಬಡಿದದ್ದೇ ಸಿದ್ದಗಂಗಮ್ಮ ಹೊಸ್ತಿಲ ಹೊರಗೇ ನಿಂತುಬಿಟ್ಟರು.

ಹೆಬ್ಬೂರಿನಲ್ಲಿ ಅವರು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದ ವಾಸನೆ ಅದು. ಹಬ್ಬಕ್ಕೆ ಎಂಟು ದಿನ ಮುಂಚೆ ಕಲಾಯಿ ಸಾಬರು ಬಂದು, ಹುಣಸೆ ಮರದ ಕೆಳಗೆ ನೆಲ ಅಗೆದು ಒಲೆ ಹೂಡಿ, ತಿದಿ ಒತ್ತುತ್ತಿದ್ದರು. ಕಾದ ಪಾತ್ರೆಯ ಮೇಲೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಭುಸ್ಸೆಂದು ಏಳುತ್ತಿತ್ತು. ಮಕ್ಕಳು ಕೆಮ್ಮುತ್ತಲೇ ಇನ್ನೂ ಹತ್ತಿರ ಸರಿಯುತ್ತಿದ್ದರು. ಕಪ್ಪಾಗಿದ್ದ ಪಾತ್ರೆಯ ಒಳಮೈ ಸಾಬರ ಕೈಯ ಒಂದು ಉಜ್ಜಿಗೆ ಬೆಳ್ಳಿಯಾಗುವುದನ್ನು ನೋಡಬೇಕಿತ್ತಲ್ಲ.

ಆದರೆ ಗುಬ್ಬಿಯ ಈ ಮನೆಯ ಕಲಾಯಿಗಾರ ನೂರ್ ಅಹಮದ್ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ. ಹಿತ್ತಲಲ್ಲಿ ತಿದಿ ಒತ್ತುತ್ತಿರುವವರು ಯಾರು?

ಬಾಗಿಲು ತೆರೆದವಳು ಅಸ್ಫಿಯಾ, ಸತ್ತವರ ಮೊಮ್ಮಗಳು. ಪಿಯುಸಿ ಎರಡನೇ ವರ್ಷ, ವಿಜ್ಞಾನ.

"ಬನ್ನಿ ಮೇಡಂ. ದಾದಿ ಹಿತ್ತಲಲ್ಲಿ ಅವ್ರೆ. ದಾದಾ ಒಪ್ಕೊಂಡಿದ್ ಪಾತ್ರೆ ಒಂದು ಬಾಕಿ ಇತ್ತು. ನಲವತ್ ವರ್ಷ ತಿದಿ ಒತ್ತಿದೀನಿ, ಕಲಾಯಿ ಬರಲ್ವಾ ನಂಗೆ ಅಂತ ಬೆಳಿಗ್ಗೆಯಿಂದ ಕೂತವ್ರೆ."

"ಹೊರಗೆ ಬರೋ ಹಾಗಿಲ್ಲ ಅಲ್ವಾ ನಿಮ್ಮಜ್ಜಿ?"

"ಇದ್ದತ್ ಅಲ್ವಾ. ಗಂಡ ತೀರ್ಕೊಂಡ್ ಮೇಲೆ ನಾಲ್ಕು ತಿಂಗ್ಳು ಹತ್ತು ದಿನ ಮನೆ ಬಿಟ್ಟು ಹೋಗಂಗಿಲ್ಲ." ಹುಡುಗಿ ಕುರ್ಚಿಯನ್ನು ಎತ್ತಿ, ಹೊಗೆ ಬಾರದ ಕಡೆಗೆ ತಿರುಗಿಸಿ ಇಟ್ಟಳು. "ಇಲ್ಲಿ ಕೂತ್ಕೊಳಿ. ಅಲ್ಲಿ ಕಣ್ಣುರಿ."

ಸಿದ್ದಗಂಗಮ್ಮ ಕುರ್ಚಿ ಬಿಟ್ಟು, ಕೌದಿ ಹಾಸಿದ್ದ ಮರದ ಮಂಚದ ಮೇಲೆ ಕುಳಿತರು. ಮಂಚದ ಎದುರಿಗೆ ನಮಾಜಿನ ಚಾಪೆ ಹಾಸಿತ್ತು. ಈ ಮನೆಯಲ್ಲಿ ಪಶ್ಚಿಮ ಯಾವ ಕಡೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸರ್ವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದು ನಿವೃತ್ತರಾದ ಅವರ ಕೈಚೀಲದಲ್ಲಿ ಒಂದು ಹಿತ್ತಾಳೆಯ ದಿಕ್ಸೂಚಿ ಇತ್ತು. ಅದನ್ನು ಹೊರತೆಗೆಯುವ ಮುನ್ನ ಅವರಿಗೆ ನಿನ್ನೆ ಕುಣಿಗಲ್‌ನಲ್ಲಿ ಕೇಳಿದ ದನಿ ಮತ್ತೆ ಕೇಳಿಸಿತು.

* * *

"ನೋಡಿ ಮ್ಯಾಪಮ್ಮ," ಎಂದಿದ್ದರು ಸಬ್ ಇನ್ಸ್‌ಪೆಕ್ಟರ್ ಅಂಜನಪ್ಪ. "ನಂಗೇನ್ ಆ ಬಿಂದುಶ್ರೀ ಮೇಲೆ ಹಗೆ ಇಲ್ಲ. ಅವ್ರಮ್ಮ ಕೇಳ್ಕೊಂಡ್ರು ಅಂತ ನೀವು ಠಾಣೆವರ್ಗೂ ಬಂದಿದೀರಿ. ನಮ್ಮನೇಲೂ ಅದೇ ವಯಸ್ಸಿನ ಮಗಳವ್ಳೆ. ಆದ್ರೆ ಇದನ್ನ ಕೇಳಿ ನೀವೇ ಹೇಳಿ, ಕೇಸ್ ಹಾಕ್ದೆ ಬಿಡಕಾಯ್ತದಾ?"

ತುಮಕೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂ.ಟೆಕ್ ಓದುವ ಬಿಂದುಶ್ರೀ ಒಂದು ಹೊಸ ಬಗೆಯ ನಕ್ಷೆ ಮಾಡಿದ್ದಳು. ಫೋನಿನ ಕ್ಯಾಮೆರಾವನ್ನು ಬೀದಿಗೆ ಹಿಡಿದರೆ ಗಾಜಿನ ಮೇಲೆ ಅದೇ ಬೀದಿ ಕಾಣುತ್ತದೆ. ಆ ಬೀದಿಯ ಮೇಲೆಯೇ ದಾರಿ ತೋರುವ ಬಾಣ, ಅಂಗಡಿಗಳ ಹೆಸರು ತೇಲುತ್ತವೆ. ಸಾಮಾನ್ಯ ಜನಕ್ಕೆ, ಅದರಲ್ಲೂ ವಯಸ್ಸಾದವರಿಗೆ ಅದು ಬಳಸಲು ಬರುತ್ತದೆಯೇ ಎಂದು ನೋಡುವುದೇ ಅವಳ ಪರೀಕ್ಷೆ. ಹದಿನಾಲ್ಕು ಜನರನ್ನು ಅವರು ಕಾಣದ ಊರಿನಲ್ಲಿ ನಡೆಸಬೇಕು. ನಡೆಯುವವರು ಕಂಡದ್ದನ್ನೂ ಅನ್ನಿಸಿದ್ದನ್ನೂ ಬಾಯಿಬಿಟ್ಟು ಹೇಳುತ್ತಿರಬೇಕು, ಅದೆಲ್ಲ ಆ ಫೋನಿನಲ್ಲೇ ದಾಖಲಾಗುತ್ತದೆ. ಅವಳು ಹತ್ತು ಹೆಜ್ಜೆ ಹಿಂದೆ ಬರಬೇಕು. ದಾರಿ ತಪ್ಪಿದರೂ ನೆರವು ಕೊಡಬಾರದು.

ನೂರ್ ಅಹಮದ್ ಒಂಬತ್ತನೆಯವರು, ಅವರಿಗೆ ಸಿಕ್ಕ ಊರು ಕುಣಿಗಲ್. ಅಂಜನಪ್ಪ ಗುಂಡಿ ಒತ್ತಿದೊಡನೆ ಸತ್ತವರು ಮಾತಾಡಿದರು.

"ಬಾಣ ನೆಟ್ಟಗೆ ಹೋಗು ಅಂತೈತೆ ಬೇಟೀ. ಹೋಗ್ತಾ ಇದೀನಿ. ಟೀ ಅಂಗಡಿ ಹೆಸ್ರು ಗಾಳೀಲಿ ತೇಲ್ತಾ ಐತೆ, ಗಾಳಿಪಟ ಇದ್ದಂಗೆ! ಹನಿ ಬೀಳ್ತೈತೆ ಕಣಮ್ಮ. ನಿನ್ ಫೋನು ನೆಂದ್ರೆ ನಿಮ್ ಮೇಷ್ಟ್ರು ಬೈತಾರೆ. ತಾಳು, ನಮ್ ಮೊಮ್ಮಗಳು ಚೀಲ ಹೊಲ್ದವ್ಳೆ, ಅದ್ರಾಗ್ ಹಾಕ್ಕೊತೀನಿ."

ಟಕ್.

ಸಣ್ಣ ಸದ್ದು. ಸಿದ್ದಗಂಗಮ್ಮ ತಲೆಯೆತ್ತಿದ್ದರು.

"ಇದೇನು, ಬಾಣ ಹೊರಳ್ಕೊಂಡ್ಬುಡ್ತು? ಅಲ್ಲಿ ಮಸೀದಿ ಐತೆ, ನಾವು ನಮಾಜಿಗ್ ತಿರುಗೋ ಕಿಬ್ಲಾ ಅತ್ಲಾಗೆ, ಅದೇ ಪಡುವಲು. ನೀನು ಪಡುವಲಾಗಿ ಹೋಗ್ಬೇಕು ಅಂದಿದ್ದೆ, ಇದು ಮೂಡ್ಲಾಗಿ ಹೋಗು ಅಂತೈತಲ್ಲ." ಒಂದು ಸಣ್ಣ ನಗು. "ಆಗ್ಲಿ ಬುಡು. ಫೋನ್ ಹೇಳ್ದಂಗೇ ಹೋಗ್ತೀನಿ. ಹುಡುಗಿ ಪಾಸಾಗ್ಬೇಕಲ್ಲಪ್ಪಾ."

ಆ ಮಾತಿಗೆ ಅಂಜನಪ್ಪನೂ ಕಿಟಕಿಯ ಕಡೆ ನೋಡಿದ್ದರು.

ಬಿಂದುಶ್ರೀ ಪ್ರತಿಯೊಬ್ಬರಿಗೂ ಹೇಳಿಯೇ ಕಳಿಸುತ್ತಿದ್ದಳು: ಪರೀಕ್ಷೆ ನಿಮಗಲ್ಲ, ನಕ್ಷೆಗೆ. ನೂರ್ ಅಹಮದ್ ಅದನ್ನು ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ನಕ್ಷೆ ತಪ್ಪಿತು ಎಂದರೆ ಹುಡುಗಿ ಫೇಲು. ಹಾಗಾಗಿ ಪಶ್ಚಿಮ ಗೊತ್ತಿದ್ದ ಮನುಷ್ಯ, ಬೇಕೆಂದೇ ಪೂರ್ವಕ್ಕೆ ನಡೆದಿದ್ದರು.

ಎರಡು ನಿಮಿಷ ಬರೀ ಹೆಜ್ಜೆ ಸಪ್ಪಳ. ಆಮೇಲೆ ಕೊನೆಯ ಮಾತು.

"ಗುಂಡಿ... ಏ, ಗುಂಡಿ ಗಟ್ಟಿ ಐತೆ ಬೇಟೀ..."

ಫೋನು ನೆಲಕ್ಕೆ ಬಿದ್ದ ಸದ್ದು. ಅಷ್ಟೆ.

ಅದು ತೆಂಗಿನ ನಾರು ಮಾಡುವ ಶೆಡ್ಡಿನ ಹಿಂಭಾಗ. ಸಿಪ್ಪೆ ನೆನೆಹಾಕುವ ಆಳದ ಗುಂಡಿ, ಮೇಲೆಲ್ಲ ನಾರಿನ ಹೊಟ್ಟು ತೇಲುತ್ತಿದ್ದರಿಂದ ನೋಡಲು ನೆಲದಂತೆಯೇ ಇತ್ತು. ದಂಡೆಯ ಮೇಲೆ ಫೋನು ಸಿಕ್ಕಿತ್ತು. ಒಳಗೆ ನೂರ್ ಅಹಮದ್.

"ಗುಂಡಿ ಅಂತ ಎರಡ್ ಸಲ ಅಂದವ್ರೆ," ಎಂದರು ಅಂಜನಪ್ಪ. "ಗುಂಡಿ ಕಂಡೈತೆ, ದಂಡೆ ಗಟ್ಟಿ ಐತೆ ಅಂತ ಕಾಲಿಟ್ಟವ್ರೆ. ಹಿಂದೆ ಇದ್ದೋಳು ಕೇಳಿಸ್ಕೊಂಡೂ ಓಡ್ಲಿಲ್ಲ. ಏನ್ ಮಾಡ್ತಿದ್ಳು ಗೊತ್ತಾ?" ಅವರು ಒಂದು ಹಾಳೆ ಮುಂದಿಟ್ಟರು. ಬಿಂದುಶ್ರೀಯ ದುಂಡು ಅಕ್ಷರ. *ತಪ್ಪು ತಿರುವು: ಮೂರು. ನೆರವು: ಕೊಟ್ಟಿಲ್ಲ.* "ಇದನ್ನ ಬರೀತಿದ್ಳು."

"ಫೋನಿನ ಗುಂಡಿ ಅಂದುಕೊಂಡೆ ಅಂತಾಳೆ. ಎಲ್ಲರೂ ಯಾವ ಗುಂಡಿ ಒತ್ತಲಿ ಅಂತ ಕೇಳೋರಂತೆ."

"ಅದು ಬೆರಳು ಸವರೋ ಫೋನು ಮ್ಯಾಪಮ್ಮ. ಗಾಜಿನ ಮೇಲಿನ ಚಿತ್ರದ ಗುಂಡಿ ಗಟ್ಟಿ ಇರ್ತದಾ? ಸೋಮವಾರ ಹತ್ತು ಗಂಟೆಗೆ ಹುಡ್ಗೀನ ಕೋರ್ಟಿಗೆ ಕರ್ಕೊಂಡ್ ಹೋಗ್ತೀನಿ. ಅಷ್ಟರಾಗ್ ನೀವು ಬೇರೆ ಗುಂಡಿ ಹುಡುಕಿ ಕೊಟ್ರೆ, ನಾನೇ ನಿಮ್ಮನೆಗ್ ಬಂದು ಕಾಫಿ ಕುಡೀತೀನಿ."

ತಮಾಷೆಗೆ ಅಂದ ಮಾತು. ಸಿದ್ದಗಂಗಮ್ಮ ಮಾತ್ರ ನಗಲಿಲ್ಲ. ಬೇರೆ ಗುಂಡಿ ಇರಲೇಬೇಕು ಎಂದು ಅವರಿಗೆ ಆ 'ಟಕ್' ಹೇಳಿತ್ತು.

* * *

ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೊಲವೊಂದರ ಗಡಿ ಹತ್ತು ಮಾರು ಆಚೆ ಹೋಗಿ ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತಿದ್ದರು. ತಪ್ಪು ಎಲ್ಲಿ ಎಂದು ಮೂರು ದಿನ ಹುಡುಕಿದ್ದಾಯಿತು. ಕೊನೆಗೆ ಸಿಕ್ಕಿದ್ದು ಶ್ಯಾನುಭೋಗರ ಸೊಂಟದಲ್ಲಿ. ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಅವರು ದಿಕ್ಸೂಚಿಯ ಮೇಲೆ ಬಗ್ಗಿ ನೋಡಿದ್ದರು. ಅಂದಿನಿಂದ ದಿಕ್ಸೂಚಿ ತೆಗೆಯುವ ಮುಂಚೆ ಕಬ್ಬಿಣವನ್ನು ದೂರ ಇಡುವುದು ಸಿದ್ದಗಂಗಮ್ಮನಿಗೆ ಕೈ ತೊಳೆದಷ್ಟೇ ರೂಢಿ.

ಬಿಂದುಶ್ರೀಯ ಫೋನಿನೊಳಗೂ ಒಂದು ದಿಕ್ಸೂಚಿ ಇತ್ತು. ಬಾಣ ತಿರುಗುತ್ತಿದ್ದದ್ದು ಅದರ ಮಾತು ಕೇಳಿ.

ಅವರು ಕೈಚೀಲದಿಂದ ಮನೆಯ ಬೀಗದ ಕೈ ತೆಗೆದು ದೂರದ ಗೂಡಿನಲ್ಲಿಟ್ಟು ಬಂದರು. ಆಮೇಲೆ ದಿಕ್ಸೂಚಿಯನ್ನು ಕೌದಿಯ ಮೇಲಿಟ್ಟರು. ಮುಳ್ಳು ನಡುಗಿ ನಿಂತಿತು. ಉತ್ತರ ಅದರ ಜಾಗದಲ್ಲೇ, ಪಶ್ಚಿಮ ನಮಾಜಿನ ಚಾಪೆಯ ತಲೆಗೆ ಸರಿಯಾಗಿ.

"ಟೀ ತಗೊಳಿ ಮೇಡಂ." ಅಸ್ಫಿಯಾ ಗಾಜಿನ ಲೋಟ ತಂದಳು. "ಸಕ್ಕರೆ ಕಮ್ಮಿ ಹಾಕಿದೀನಿ. ಮೊನ್ನೆ ಬಂದಾಗ ಶುಗರ್ ಅಂದಿದ್ರಿ."

ಲೋಟ ಇಡಲು ಅವಳು ಮಂಚದ ಮೇಲೆ ಬಗ್ಗಿದಳು.

ಮುಳ್ಳು ಉತ್ತರವನ್ನು ಬಿಟ್ಟು, ಹುಡುಗಿಯ ಕಡೆ ತಿರುಗಿತು. ಅವಳು ನೆಟ್ಟಗಾದಳು. ಮುಳ್ಳು ತನ್ನ ಜಾಗಕ್ಕೆ ಹಿಂದಿರುಗಿತು.

ಇಬ್ಬರೂ ಅದನ್ನು ನೋಡಿದರು.

ಹಿತ್ತಲಲ್ಲಿ ತಿದಿ ಉಸಿರಾಡುತ್ತಿತ್ತು.

"ಕುತ್ತಿಗೇಲಿ ಹಾಕ್ಕೊಂಡಿದೀಯಾ, ಮಗು?"

ಅಸ್ಫಿಯಾ ದುಪಟ್ಟಾವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಏನು ಮೇಡಂ?"

"ದಾದಾನ ಫೋನಿನ ಚೀಲ. ಪೊಲೀಸರ ಪಟ್ಟೀಲಿ ಕನ್ನಡಕ ಇದೆ, ಟೋಪಿ ಇದೆ, ಕರ್ಚೀಫಿದೆ. ಚೀಲ ಇಲ್ಲ. ಆಸ್ಪತ್ರೇಲಿ ಬಟ್ಟೆ ಗಂಟು ನಿನ್ನ ಕೈಗೆ ಕೊಟ್ಟರಂತೆ."

"ಇಲ್ಲ ಮೇಡಂ. ನೀರಲ್ಲಿ ಹೋಗಿರ್ಬೇಕು."

"ಇನ್ನೊಂದು ಸಲ ಬಗ್ಗಿ ನೋಡು ಹಾಗಾದ್ರೆ."

ಹುಡುಗಿ ಬಗ್ಗಲಿಲ್ಲ. ಮಂಚದ ಅಂಚಿಗೆ ಕುಳಿತು, ದುಪಟ್ಟಾದ ಒಳಗಿನಿಂದ ದಾರ ಎಳೆದಳು. ಹಸಿರು ಬಟ್ಟೆಯ ಪುಟ್ಟ ಚೀಲ. ಮುಂದೆ ಪ್ಲಾಸ್ಟಿಕ್ಕಿನ ಕಿಟಕಿ, ಹಿಂದೆ ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಕತ್ತರಿಸಿ ಅಂಚು ಕಟ್ಟಿದ ತೂತು. ನೀರಿಗೆ ಬಿದ್ದು ಬಣ್ಣ ಮಾಸಿತ್ತು, ನಾರಿನ ವಾಸನೆ ಹೋಗಿರಲಿಲ್ಲ.

"ದಾದಾ ಬೆರಳೆಲ್ಲ ಸುಟ್ಟು ಸುಟ್ಟು ಜೋಮು ಹಿಡ್ದಿತ್ತು ಮೇಡಂ. ತುಮಕೂರಲ್ಲಿ ಪ್ರಾಕ್ಟೀಸ್ ದಿನ ಫೋನು ಬೀಳ್ಸೋಕ್ ಹೋಗಿದ್ರು. ರಾತ್ರಿ ಎಲ್ಲ ಅದೇ ಮಾತು, ಪಾಪ ಆ ಹುಡ್ಗಿ ಫೋನು, ಪಾಪ ಆ ಹುಡ್ಗಿ ಫೋನು ಅಂತ. ಅದಕ್ಕೆ ಹೊಲ್ದೆ."

ಸಿದ್ದಗಂಗಮ್ಮ ಚೀಲವನ್ನು ಮಡಿಲಿಗೆ ತೆಗೆದುಕೊಂಡು ಮೇಲಿನ ಮಡಿಕೆಯನ್ನು ಮುಚ್ಚಿದರು.

ಟಕ್.

ನಿನ್ನೆ ಕೇಳಿದ್ದೇ ಸದ್ದು. ಎರಡು ಪುಟ್ಟ ಆಯಸ್ಕಾಂತದ ಬಿಲ್ಲೆ, ಒಂದನ್ನೊಂದು ಹುಡುಕಿಕೊಂಡು ಕಚ್ಚಿಕೊಳ್ಳುವಂಥದ್ದು. ಹೆಂಗಸರ ಕೈಪರ್ಸಿನಲ್ಲಿ ಇರುವಂಥ ಗುಂಡಿ. ಬಿಡಿಸಲು ಉಗುರು ಹಾಕಿ ಎಳೆಯಬೇಕಾಯಿತು.

ಗುಂಡಿ ಗಟ್ಟಿ ಐತೆ ಬೇಟೀ.

ಅವರಿಗೆ ಎಲ್ಲವೂ ಕಣ್ಣಮುಂದೆ ಬಂತು. ಹನಿ ನಿಂತಿರಬೇಕು. ಬಾಣ ಸುತ್ತುತ್ತಿತ್ತು. ಚೀಲದಿಂದ ಫೋನು ತೆಗೆದು ನೋಡೋಣ ಎಂದು ನೂರ್ ಅಹಮದ್ ನಡೆಯುತ್ತಲೇ ಜೋಮು ಹಿಡಿದ ಬೆರಳಿನಿಂದ ಈ ಗುಂಡಿ ಎಳೆದಿದ್ದಾರೆ. ಕಣ್ಣು ಗುಂಡಿಯ ಮೇಲೆ. ಫೋನು ಕೈಗೆ ಬರುವಷ್ಟರಲ್ಲಿ ಕಾಲ ಕೆಳಗೆ ನೆಲವಿರಲಿಲ್ಲ. ಕಡೆಯ ಗಳಿಗೆಯವರೆಗೂ ಅವರು ಆ ಇನ್ನೊಂದು ಗುಂಡಿಯನ್ನು ನೋಡಿಯೇ ಇರಲಿಲ್ಲ.

ಈ ಚೀಲ ಅಂಜನಪ್ಪನ ಮೇಜಿನ ಮೇಲೆ ಬಿದ್ದರೆ ಬಿಂದುಶ್ರೀ ಕೋರ್ಟು ಹತ್ತಬೇಕಾಗಿಲ್ಲ.

"ನಾನೇ ಹಾಕಿದ್ದು," ಎಂದಳು ಅಸ್ಫಿಯಾ. "ಮ್ಯಾಗ್ನೆಟ್ಟು ನಾನೇ ಹಾಕ್ದೆ. ಬರ್ಕೊಳಿ ಮೇಡಂ. ನನ್ ಹೆಸ್ರು ಬರೀರಿ."

"ಪ್ರಾಕ್ಟೀಸ್ ದಿನ ನೀನೂ ದಾದಾನ ಜೊತೆ ಹೋಗಿದ್ದೆ. ಮ್ಯಾಗ್ನೆಟ್ ಹತ್ತಿರ ಫೋನ್ ಇಡಬೇಡಿ ಅಂತ ಬಿಂದುಶ್ರೀ ನಿನಗೇ ಹೇಳಿದಾಳಲ್ಲ?"

"ಮರ್ತೋಯ್ತು."

"ವಿಜ್ಞಾನ ಓದೋ ಹುಡುಗಿಗೆ?"

"ಮರ್ತೋಯ್ತು ಅಂದ್ನಲ್ಲ!" ದನಿ ಏರಿತು. ತಕ್ಷಣ ಹಿತ್ತಲ ಬಾಗಿಲ ಕಡೆ ನೋಡಿ ಇಳಿಸಿದಳು. "ಯಾರೋ ಒಬ್ರು ಹಾಕಿದ್ರು ಅಂದ್ರೆ ಸಾಲ್ದಾ? ನಾನು ಅಂತ ಹೇಳ್ತಿದೀನಲ್ಲ."

ಸಿದ್ದಗಂಗಮ್ಮ ಕನ್ನಡಕ ಸರಿಮಾಡಿಕೊಂಡು ಚೀಲವನ್ನು ಬೆಳಕಿಗೆ ಹಿಡಿದರು. ಚೀಲದ ಹೊಲಿಗೆಯೆಲ್ಲ ಮೆಷಿನ್ನಿನದು, ಹಸಿರು ದಾರ, ಸಣ್ಣ, ನೇರ. ಬಾಯಿಯ ಬಳಿ ಅದೇ ಹಸಿರು ದಾರದ ಒಂದು ತುಂಡು ಉಳಿದಿತ್ತು. ಅಲ್ಲಿ ಮೊದಲು ಬೇರೊಂದು ಬಟ್ಟೆಗುಂಡಿ ಇದ್ದು, ಯಾರೋ ಜೋಪಾನವಾಗಿ ಕತ್ತರಿಸಿ ತೆಗೆದಿದ್ದರು. ಆಯಸ್ಕಾಂತದ ಗುಂಡಿ ಮಾತ್ರ ಕೈಹೊಲಿಗೆ. ದಪ್ಪ ಬಿಳಿ ದಾರ, ಎರಡೆಳೆ, ಉದ್ದುದ್ದ ಓರೆ ಹೊಲಿಗೆ. ಕಣ್ಣು ಮಂಜಾದವರು ಹಾಕುವಂಥದ್ದು.

ಅವರು ಮಂಚದ ಮೇಲಿನ ಕೌದಿಯನ್ನು ಒಂದು ಬೆರಳಿನಿಂದ ಸವರಿದರು. ಅದೇ ದಾರ. ಅದೇ ಓರೆ.

ಹುಡುಗಿಯ ಮುಖ ಬಿಳಚಿಕೊಂಡಿತು.

"ನೀನು ಹಾಕಿದ್ದು ಬಟ್ಟೆಗುಂಡಿ," ಎಂದರು ಸಿದ್ದಗಂಗಮ್ಮ ಮೆಲ್ಲಗೆ. "ಗೊತ್ತಿದ್ದೇ ಹಾಗೆ ಮಾಡಿದ್ದೆ. ಆಸ್ಪತ್ರೇಲಿ ಇದನ್ನ ನೋಡಿದ ತಕ್ಷಣ ನಿನಗೆ ಅರ್ಥ ಆಯ್ತು. ಹನ್ನೊಂದು ದಿನ ಮೈಮೇಲೇ ಇಟ್ಕೊಂಡಿದೀಯ, ದಾದಿ ಕೈಗೆ ಸಿಗಬಾರದು ಅಂತ."

ಅಸ್ಫಿಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಅಳುವಿನ ಸದ್ದು ಹೊರಬರದಂತೆ ಅಳುವುದನ್ನು ಈ ಹನ್ನೊಂದು ದಿನದಲ್ಲಿ ಅವಳು ಕಲಿತಿದ್ದಳು.

"ಅವ್ರಿಗೆ ಗೊತ್ತಾ?"

ಹುಡುಗಿ ತಲೆಯಾಡಿಸಿದಳು. ಇಲ್ಲ.

"ಗೊತ್ತಾದ್ರೆ ದಾದಿ ಉಳಿಯಲ್ಲ ಮೇಡಂ. ನಿಮ್ ಕಾಲಿಗ್ ಬೀಳ್ತೀನಿ. ನನ್ ಹೆಸ್ರು ಬರೀರಿ, ಇಲ್ಲಾಂದ್ರೆ ಚೀಲ ಸಿಗ್ಲೇ ಇಲ್ಲ ಅನ್ನಿ."

"ಸಿಗಲಿಲ್ಲ ಅಂದ್ರೆ ಆ ಹುಡುಗಿ ಗತಿ ಏನು? ತುಮಕೂರಿನ ಸತ್ಯಮಂಗಲದಲ್ಲಿ ಅವಳಮ್ಮ ಫ್ಯಾಕ್ಟರಿ ಕೆಲಸ ಬಿಟ್ಟು ಮಗಳ ಕಾವಲಿಗೆ ಕೂತಿದಾಳೆ ಕಣಮ್ಮ. ನಾನೇ ಕೊಂದೆ, ಕರೆದಿದ್ರೆ ಬದುಕ್ತಿದ್ರು ಅಂತ ಗೋಡೆ ನೋಡ್ತಾ ಕೂತಿರ್ತಾಳೆ. ನಾಲ್ಕು ದಿನದಿಂದ ಅನ್ನ ಮುಟ್ಟಿಲ್ಲ."

ಅಸ್ಫಿಯಾ ಮಂಚದಿಂದ ಎದ್ದು ಹಿತ್ತಲ ಬಾಗಿಲ ಕಡೆ ನೋಡಿದಳು.

ತಿದಿಯ ಸದ್ದು ನಿಂತಿತ್ತು. ಎಷ್ಟು ಹೊತ್ತಾಯಿತೋ, ಇಬ್ಬರೂ ಗಮನಿಸಿರಲಿಲ್ಲ. ಒಳಗೆ ಪಾತ್ರೆ ಸದ್ದು, ಬಳೆಯಿಲ್ಲದ ಕೈಯ ಓಡಾಟ.

ದಾದಿ ಬೀಬಿಜಾನ್ ಬಾಗಿಲಿಗೆ ಬಂದರು. ಸೆರಗಿನ ಅಂಚಿಗೆ ಮಸಿ. ಕೈಯಲ್ಲಿ ಮೂರು ಅಂತಸ್ತಿನ ಹಿತ್ತಾಳೆಯ ಊಟದ ಕ್ಯಾರಿಯರ್, ಬೂದಿ ಹಾಕಿ ಉಜ್ಜಿ ಹೊಳೆಯುತ್ತಿತ್ತು.

"ಯಾವಾಗ್ ಬಂದ್ರಿ ಅಕ್ಕಾ? ಈ ಹುಡುಗಿ ಒಂದ್ ಮಾತು ಹೇಳ್ಲಿಲ್ಲ ನೋಡಿ." ಮೊಮ್ಮಗಳ ಕೆಂಪು ಕಣ್ಣು ನೋಡಿದರು. "ಹೊಗೆನಾ? ಬೇಡ ಬೇಡ ಅಂದ್ರೂ ಇಲ್ಲೇ ಕೂರ್ತೀಯ."

ಸಿದ್ದಗಂಗಮ್ಮ ಚೀಲವನ್ನು ಸೆರಗಿನ ಕೆಳಗೆ ಸರಿಸಿದರು. ಹಾಗೆ ಸರಿಸಿದ್ದು ಯಾಕೆಂದು ಆಗ ಅವರಿಗೇ ಗೊತ್ತಿರಲಿಲ್ಲ.

"ಇದು ಆ ಬಿಂದುಶ್ರೀದು," ಎಂದರು ಬೀಬಿಜಾನ್. "ಅವ್ರ ಅಜ್ಜಿ ಕಾಲದ್ದಂತೆ. ಪ್ರಾಕ್ಟೀಸ್ ದಿನ ಅವ್ಳು ಊಟ ತಂದಿದ್ಳಂತೆ ಇದ್ರಲ್ಲಿ. ಒಳ್ಗಡೆ ಕಲಾಯಿ ಪೂರಾ ಹೋಗಿತ್ತು. ಈ ಪಾತ್ರೇಲಿ ತಿಂದ್ರೆ ಹೊಟ್ಟೆ ಕೆಡ್ತದೆ ಮಗಳೇ ಅಂತ ಇವ್ರೇ ಇಸ್ಕೊಂಡ್ ಬಂದಿದ್ರು. ಮಾಡ್ ಕೊಡ್ತೀನಿ ಅಂದ ಮಾತು ಹಂಗೇ ಉಳಿಬಾರ್ದಲ್ಲ."

"ನೀವೇ ಮಾಡಿದ್ರಾ?"

"ಅವ್ರಷ್ಟು ಚೆನ್ನಾಗಿಲ್ಲ. ಅಲ್ಲಲ್ಲಿ ಗಂಟು ಕಟ್ಟೈತೆ." ಬೀಬಿಜಾನ್ ಕ್ಯಾರಿಯರಿನ ಮೈಯನ್ನು ಸೆರಗಿನಿಂದ ಒಂದು ಸಲ ಒರೆಸಿದರು. "ಪೊಲೀಸ್ನೋರು ಅವ್ಳನ್ನ ಹಿಡ್ಕೊಂಡ್ ಹೋಗ್ತಾರೆ ಅಂತ ಪಕ್ಕದ್ಮನೆ ನವೀದ್ ಹೇಳ್ದ. ನಮ್ ಹುಡುಗ್ರು ಯಾರಾದ್ರೂ ಕಂಪ್ಲೇಂಟ್ ಮಾಡಿದ್ರಾ ಅಂದೆ, ಇಲ್ಲ ಅಂದ. ಯಾಕ್ ಅಕ್ಕಾ ಹಿಡೀತಾರೆ? ಇವ್ರು ಮನೆಗ್ ಬಂದು ಅವ್ಳ ಮಾತೇ ಆಡೋರು. ಹಿಂದೆ ಹಿಂದೇನೇ ಬರ್ತಾಳೆ ಪಾಪ, ಬಿಸ್ಲಲ್ಲಿ, ತಲೆ ಮೇಲೆ ಬಟ್ಟೆ ಕೂಡ ಇಲ್ಲ ಅಂತ."

ಸಿದ್ದಗಂಗಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊಗೆ ಎಂದುಕೊಂಡು ಬೀಬಿಜಾನ್ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದರು.

"ಅವ್ಳನ್ನ ನೀವು ನೋಡ್ತೀರಲ್ಲ ಅಕ್ಕಾ? ನಂಗೊಂದು ಕೇಳ್ ಕೊಡ್ತೀರಾ?"

"ಏನು?"

"ಇವ್ಳು ದಾದಾಗೆ ಒಂದು ಚೀಲ ಹೊಲ್ದಿದ್ಳು. ಅದ್ರ ಗುಂಡಿ ಅವ್ರ ಬೆರಳಿಗೆ ಬರ್ತಾನೇ ಇರ್ಲಿಲ್ಲ. ರಾತ್ರಿ ಇವ್ಳು ಮಲಗಿದ್ ಮೇಲೆ ನಾನು ಅದನ್ನ ಬಿಚ್ಚಿ, ನಮ್ ಮಗಳು ರೂಬಿ ಕೊಡ್ಸಿದ್ ಹಳೇ ಪರ್ಸಿನ ಗುಂಡಿ ಹಾಕ್ದೆ. ಹತ್ರ ತಂದ್ರೆ ಸಾಕು, ತಾನೇ ಹಾಕ್ಕೊತದೆ. ಬೆಳಿಗ್ಗೆ ಹೋಗೋವಾಗ ತೋರ್ಸಿದ್ದಕ್ಕೆ, ಮಗು ತರ ನಾಲ್ಕು ಸಲ ಟಕ್ ಟಕ್ ಅನ್ನಿಸ್ಕೊಂಡು ಹೋದ್ರು." ಅವರ ಮುಖದ ಮೇಲೆ ಹನ್ನೊಂದು ದಿನದಲ್ಲಿ ಮೊದಲ ಸಲವೋ ಏನೋ, ನಗುವಿನಂಥದ್ದೊಂದು ಬಂದು ಹೋಯಿತು. "ಸಂಜೆ ಬಂದ್ ಮೇಲೆ ಕೇಳಣ ಅಂತಿದ್ದೆ. ಗುಂಡಿ ಸುಲಭ ಆಯ್ತಾ ಅವ್ರಿಗೆ? ಆ ಹುಡುಗಿ ಹಿಂದೇನೇ ಇದ್ಳಲ್ಲ, ನೋಡಿರ್ತಾಳೆ. ಅಷ್ಟು ಕೇಳಿ ಸಾಕು."

ಅಸ್ಫಿಯಾ ಉಸಿರು ಹಿಡಿದು ಸಿದ್ದಗಂಗಮ್ಮನನ್ನೇ ನೋಡುತ್ತಿದ್ದಳು.

ಸೆರಗಿನ ಕೆಳಗೆ ಚೀಲ ತಣ್ಣಗಿತ್ತು. ಸೋಮವಾರ ಹತ್ತು ಗಂಟೆಗೆ ಅದು ಅಂಜನಪ್ಪನ ಮೇಜಿನ ಮೇಲೆ ಇರಬಹುದು, ಇಲ್ಲದೆಯೂ ಇರಬಹುದು. ಮಂಚದ ಮೇಲೆ ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು, ನೇರ ಅವರ ಮಡಿಲನ್ನೇ ತೋರಿಸುತ್ತಿತ್ತು.

"ಕೇಳ್ತೀನಿ," ಎಂದರು.

"ಪಾತ್ರೆ ಖಾಲಿ ವಾಪಸ್ ಕೊಡಬಾರ್ದು ಅಲ್ವಾ ಅಕ್ಕಾ. ಅನ್ನ, ಹುಳಿ ಬೇಳೆ ಖಟ್ಟಾ, ಬದನೆಕಾಯಿ ಹಾಕಿದೀನಿ. ಮಾಂಸ ಮಾಡೋ ಪಾತ್ರೇಲಿ ಮಾಡಿಲ್ಲ, ಅವ್ಳು ತಿನ್ನಲ್ಲ ಅಂತ ಇವ್ರು ಹೇಳಿದ್ದು ನೆನಪಿತ್ತು."

ಬೀಬಿಜಾನ್ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತರು. ಕ್ಯಾರಿಯರಿನ ಹಿಡಿ ಬಿಸಿಯಿದೆಯೇ ಎಂದು ತಮ್ಮ ಕೆನ್ನೆಗೆ ಒತ್ತಿ ನೋಡಿ, ಅದಕ್ಕೆ ಒಂದು ಬಟ್ಟೆ ಸುತ್ತಿ, ಸಿದ್ದಗಂಗಮ್ಮನ ಕೈಗೆ ಕೊಟ್ಟರು.